ರೈಲ್ವೆ ಇ-ಟಿಕೆಟ್‌ಗಳ ಅಂತರ್ಜಾಲ ಕಾಳಸಂತೆ: ಕೈಗೊಂಡ ಕ್ರಮಗಳು ಹಾಗೂ ಪ್ರಯಾಣಿಕರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಹಾಸನ ಜಿಲ್ಲೆಯ ಸಾರ್ವಜನಿಕರು ವಿದ್ಯಾಭ್ಯಾಸ, ಚಿಕಿತ್ಸೆ, ಉದ್ಯೋಗ ಮತ್ತು ಯಾತ್ರೆಯ ನಿಮಿತ್ತ ದೂರದ ಊರುಗಳಿಗೆ ರೈಲಿನಲ್ಲಿ ಪ್ರಯಾಣ ಮಾಡುತ್ತಿರುತ್ತಾರೆ. ಹೊಳೆನರಸೀಪುರವು ಅರಸೀಕೆರೆ-ಹಾಸನ-ಮೈಸೂರು ಮಾರ್ಗದಲ್ಲಿದೆ. ಚನ್ನರಾಯಪಟ್ಟಣವು ಮಾರ್ಚ್ 2017 ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಹಾಸನ-ಬೆಂಗಳೂರು ಮಾರ್ಗದಲ್ಲಿದೆ. ಅರಕಲಗೂಡು ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲದ ಕಾರಣ ಅಲ್ಲಿಯವರು ಹಾಸನ ಅಥವಾ ಹೊಳೆನರಸೀಪುರಕ್ಕೆ ಬರಬೇಕಾಗುತ್ತದೆ. ಕೌಂಟರ್ ದೂರವಿರುವ ಊರುಗಳ ಜನರು ಬಸ್ ನಿಲ್ದಾಣದ ಸುತ್ತಮುತ್ತಲಿನ ಖಾಸಗಿ ಅಂಗಡಿಗಳಲ್ಲಿ ಇ-ಟಿಕೆಟ್ ಪಡೆಯುವುದು ಸಾಮಾನ್ಯ. ಇಂತಹ ಟಿಕೆಟ್ ಯಾವಾಗ ಸಕ್ರಮ, ಯಾವಾಗ ಅಕ್ರಮ ಎಂಬುದನ್ನು ತಿಳಿಸುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಕಾಳಸಂತೆ ನಡೆಯುತ್ತಿದ್ದ ಬಗೆ

ತತ್ಕಾಲ್ ಟಿಕೆಟ್‌ಗಳ ಕಾಯ್ದಿರಿಸುವಿಕೆಯು, ರೈಲು ಹೊರಡುವ ನಿಲ್ದಾಣದಿಂದ ಲೆಕ್ಕ ಹಾಕಿದಂತೆ ಪ್ರಯಾಣದ ಹಿಂದಿನ ದಿನ, ಹವಾನಿಯಂತ್ರಿತ ದರ್ಜೆಗಳಿಗೆ ಬೆಳಿಗ್ಗೆ 10.00 ಗಂಟೆಗೆ ಹಾಗೂ ಇತರೆ ದರ್ಜೆಗಳಿಗೆ 11.00 ಗಂಟೆಗೆ ಪ್ರಾರಂಭವಾಗುತ್ತದೆ. ಬೇಡಿಕೆ ಹೆಚ್ಚಿರುವ ರೈಲುಗಳಲ್ಲಿ ಮೊದಲ ಕೆಲವೇ ನಿಮಿಷಗಳಲ್ಲಿ ಸ್ಥಾನಗಳು ಮುಗಿದುಹೋಗುತ್ತವೆ. ಈ ಕೆಲವು ನಿಮಿಷಗಳೇ ಕಾಳಸಂತೆಯ ಬಂಡವಾಳ.

ಸಾಮಾನ್ಯ ಪ್ರಯಾಣಿಕನು ಐಆರ್‌ಸಿಟಿಸಿ ಜಾಲತಾಣಕ್ಕೆ ಲಾಗಿನ್ ಆಗಿ, ಕ್ಯಾಪ್ಚಾ ಅಕ್ಷರಗಳನ್ನು ನಮೂದಿಸಿ, ಪ್ರಯಾಣಿಕರ ವಿವರ ತುಂಬಿ, ಬ್ಯಾಂಕಿನಿಂದ ಬರುವ ಒಟಿಪಿ ನೀಡಿ ಹಣ ಪಾವತಿಸಬೇಕು. ಅಕ್ರಮ ತಂತ್ರಾಂಶಗಳು ಕ್ಯಾಪ್ಚಾ ಮತ್ತು ಒಟಿಪಿ ಹಂತಗಳನ್ನು ತಪ್ಪಿಸಿ, ಮೊದಲೇ ಸಿದ್ಧಪಡಿಸಿದ ವಿವರಗಳನ್ನು ತಾವೇ ತುಂಬಿ, ಹಲವು ಬಳಕೆದಾರರ ಐಡಿಗಳಿಂದ ಏಕಕಾಲಕ್ಕೆ ಟಿಕೆಟ್ ಪಡೆಯುತ್ತಿದ್ದವು. ರೈಲ್ವೆ ರಕ್ಷಣಾ ದಳವು (ಆರ್.ಪಿ.ಎಫ್.) 2020 ರಲ್ಲಿ ತಿಳಿಸಿದಂತೆ, ಸಾಮಾನ್ಯ ಪ್ರಯಾಣಿಕನಿಗೆ ಒಂದು ಟಿಕೆಟ್‌ಗೆ ಸರಾಸರಿ 2.55 ನಿಮಿಷ ಬೇಕಾಗುತ್ತಿದ್ದರೆ, ಈ ತಂತ್ರಾಂಶಗಳಿಗೆ ಸುಮಾರು 1.48 ನಿಮಿಷ ಸಾಕಾಗುತ್ತಿತ್ತು. ಸರದಿಯಲ್ಲಿ ನ್ಯಾಯವಾಗಿ ನಿಂತವನಿಗೆ ಸ್ಥಾನ ದೊರೆಯದಿರಲು ಈ ಅಂತರವೇ ಕಾರಣ.

ಕೈಗೊಂಡ ಕಾರ್ಯಾಚರಣೆಗಳು

1. ಬೆಂಗಳೂರು ಪ್ರಕರಣ, ಜನವರಿ 2020: ಬೆಂಗಳೂರಿನಲ್ಲಿ ಆರಂಭವಾದ ತನಿಖೆಯ ಮುಂದುವರಿಕೆಯಾಗಿ, ಜಾರ್ಖಂಡ್ ಮೂಲದ ಒಬ್ಬ ವ್ಯಕ್ತಿಯನ್ನು ಒಡಿಶಾದಲ್ಲಿ ಬಂಧಿಸಲಾಯಿತು. ಈತನು 2015 ರಲ್ಲಿ ಬೆಂಗಳೂರಿನಲ್ಲಿ ಕೌಂಟರ್ ಟಿಕೆಟ್‌ಗಳ ದಲ್ಲಾಳಿಯಾಗಿ ಪ್ರಾರಂಭಿಸಿ, ನಂತರ ಎಎನ್‌ಎಂಎಸ್ ಎಂಬ ಅಕ್ರಮ ತಂತ್ರಾಂಶದ ವಹಿವಾಟಿಗೆ ಇಳಿದಿದ್ದನೆಂದು ಆರ್.ಪಿ.ಎಫ್. ಪ್ರಕಟಿಸಿತು. ಈತನ ಬಳಿ 563 ವೈಯಕ್ತಿಕ ಐಆರ್‌ಸಿಟಿಸಿ ಐಡಿಗಳು ಪತ್ತೆಯಾದವು. ಫೆಬ್ರವರಿ 2020 ರಲ್ಲಿ 60 ಅಕ್ರಮ ಏಜೆಂಟರ ಬಂಧನವಾಗಿರುವುದನ್ನೂ, ಎಎನ್‌ಎಂಎಸ್, ಮ್ಯಾಕ್ ಮತ್ತು ಜಾಗ್ವಾರ್ ತಂತ್ರಾಂಶಗಳನ್ನು ನಿಷ್ಕ್ರಿಯಗೊಳಿಸಿರುವುದನ್ನೂ ದಳವು ಪ್ರಕಟಿಸಿತು.

2. ರಿಯಲ್ ಮ್ಯಾಂಗೋ ಪ್ರಕರಣ, ಆಗಸ್ಟ್-ಸೆಪ್ಟೆಂಬರ್ 2020: ಹಳೆಯ ತಂತ್ರಾಂಶಗಳು ಮುಚ್ಚಿದ ಕೆಲವೇ ತಿಂಗಳುಗಳಲ್ಲಿ ಹೊಸದೊಂದು ತಲೆಯೆತ್ತಿತು. ಇದರ ಮಾರಾಟಕ್ಕೆ ಐದು ಹಂತಗಳ ವ್ಯವಸ್ಥೆಯಿತ್ತು. ಮೇಲ್ತುದಿಯಲ್ಲಿ ತಂತ್ರಾಂಶದ ನಿರ್ವಾಹಕನೂ ಕೆಳತುದಿಯಲ್ಲಿ ಊರಿನ ಏಜೆಂಟನೂ ಇದ್ದರು. ನಿರ್ವಾಹಕನು ಬಿಟ್‌ಕಾಯಿನ್ ಮೂಲಕ ಹಣ ಪಡೆಯುತ್ತಿದ್ದನು. ತಂತ್ರಾಂಶ ರೂಪಿಸಿದವನೂ ಸೇರಿ 50 ಜನರನ್ನು ಬಂಧಿಸಿ, ಪ್ರಯಾಣಕ್ಕೆ ಇನ್ನೂ ಬಳಕೆಯಾಗದಿದ್ದ 5 ಲಕ್ಷ ರೂ.ಗಳಿಗೂ ಹೆಚ್ಚು ಮೌಲ್ಯದ ಟಿಕೆಟ್‌ಗಳನ್ನು ತಡೆಹಿಡಿಯಲಾಯಿತು.

ಈ ಕೊನೆಯ ಅಂಶವನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕು. ತಡೆಹಿಡಿದ ಪ್ರತಿ ಟಿಕೆಟ್‌ನ ಹಿಂದೆಯೂ ಹೆಚ್ಚಿನ ಹಣ ಕೊಟ್ಟು ಪ್ರಯಾಣಕ್ಕೆ ಸಿದ್ಧನಾಗಿದ್ದ ಒಬ್ಬ ಪ್ರಯಾಣಿಕನಿರುತ್ತಾನೆ.

ಒಂದನ್ನು ಮುಚ್ಚಿದರೆ ಮತ್ತೊಂದು ಏಕೆ?

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ಅಮೆರಿಕದ ಎಫ್‌ಬಿಐ 2013 ರಲ್ಲಿ ಮಾದಕ ವಸ್ತುಗಳ ಗುಪ್ತ ಅಂತರ್ಜಾಲ ಮಾರುಕಟ್ಟೆಯಾದ ಸಿಲ್ಕ್ ರೋಡ್ ಅನ್ನು ಮುಚ್ಚಿದ ನಂತರ ಹೊಸ ಮಾರುಕಟ್ಟೆಗಳು ಹುಟ್ಟಿಕೊಂಡವು. 2017 ರಲ್ಲಿ ಆಲ್ಫಾಬೇ ಮುಚ್ಚಿದಾಗ ಅದರ ಗ್ರಾಹಕರು ಹನ್ಸಾ ಎಂಬ ಮಾರುಕಟ್ಟೆಗೆ ಹೋದರು. ಅದನ್ನು ಅಷ್ಟರಲ್ಲಾಗಲೇ ನೆದರ್ಲೆಂಡ್ಸ್ ಪೊಲೀಸರು ವಶಪಡಿಸಿಕೊಂಡು, ಮಾಹಿತಿ ಸಂಗ್ರಹಿಸಲು ತಾವೇ ಗುಪ್ತವಾಗಿ ನಡೆಸುತ್ತಿದ್ದರು. ಕೊಳ್ಳುವವರು ಇರುವವರೆಗೆ ಮಾರುವವರು ಹೊಸ ಹೆಸರಿನಲ್ಲಿ ಬರುತ್ತಾರೆ ಎಂಬುದು ಈ ಪ್ರಕರಣಗಳಿಂದ ತಿಳಿದುಬರುತ್ತದೆ. ಆದ್ದರಿಂದ ಬಂಧನದ ಜೊತೆಗೆ ನಿಯಮಗಳ ಬಿಗಿಯೂ ಸಾರ್ವಜನಿಕರ ಸಹಕಾರವೂ ಅವಶ್ಯ.

ಕಾನೂನು

ರೈಲ್ವೆ ಅಧಿನಿಯಮ, 1989 ರ ಕಲಂ 143 ರ ಪ್ರಕಾರ, ರೈಲ್ವೆ ನೌಕರನಾಗಲಿ ಅಧಿಕೃತ ಏಜೆಂಟನಾಗಲಿ ಅಲ್ಲದ ವ್ಯಕ್ತಿಯು ಟಿಕೆಟ್ ಸಂಗ್ರಹಿಸಿ ಸರಬರಾಜು ಮಾಡುವ ವ್ಯವಹಾರ ನಡೆಸಿದಲ್ಲಿ 3 ವರ್ಷಗಳವರೆಗೆ ಕಾರಾವಾಸ ಅಥವಾ 10,000 ರೂ.ಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಂತಹ ಟಿಕೆಟ್‌ಗಳು ಮುಟ್ಟುಗೋಲಾಗುತ್ತವೆ. ಅಧಿನಿಯಮವು ಅಂತರ್ಜಾಲ ಟಿಕೆಟ್‌ಗೆ ಮುಂಚಿನದಾದ್ದರಿಂದ ಇ-ಟಿಕೆಟ್‌ಗೆ ಇದು ಅನ್ವಯಿಸದು ಎಂಬ ವಾದವಿತ್ತು. ಜನವರಿ 2025 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪದೆ, ಕಲಂ 143 ಇ-ಟಿಕೆಟ್‌ಗಳಿಗೂ ಅನ್ವಯಿಸುತ್ತದೆ ಎಂದು ತೀರ್ಪು ನೀಡಿದೆ.

ಕಲಂ 142 ರಡಿ, ಸ್ಥಾನ ಕಾಯ್ದಿರಿಸಿದ ಟಿಕೆಟನ್ನು ಅನಧಿಕೃತವಾಗಿ ಮಾರುವುದಷ್ಟೇ ಅಲ್ಲ, ಕೊಳ್ಳುವುದೂ ಅಪರಾಧ. ಅಂತಹ ಟಿಕೆಟ್‌ನಲ್ಲಿ ಪ್ರಯಾಣಿಸುವವರನ್ನು ಸರಿಯಾದ ಟಿಕೆಟ್ ಇಲ್ಲದೆ ಪ್ರಯಾಣಿಸಿದವರೆಂದು ಪರಿಗಣಿಸಲಾಗುತ್ತದೆ.

ಆದರೆ ತಮ್ಮ ವೈಯಕ್ತಿಕ ಐಡಿಯಿಂದ ಕುಟುಂಬದವರಿಗೆ, ಬಂಧುಗಳಿಗೆ ಅಥವಾ ಸ್ನೇಹಿತರಿಗೆ ಲಾಭದ ಉದ್ದೇಶವಿಲ್ಲದೆ ಟಿಕೆಟ್ ಮಾಡಿಕೊಡುವುದಕ್ಕೆ ಅಡ್ಡಿಯಿಲ್ಲವೆಂದು ರೈಲ್ವೆಯು ಜೂನ್ 2024 ರಲ್ಲಿ ಸ್ಪಷ್ಟಪಡಿಸಿದೆ. ಮಗನು ತಂದೆಗೆ, ನೆರೆಯವರು ವೃದ್ಧರಿಗೆ ಟಿಕೆಟ್ ಮಾಡಿಕೊಡಲು ಅಂಜಬೇಕಾಗಿಲ್ಲ.

2025 ರಲ್ಲಿ ಜಾರಿಗೆ ಬಂದ ನಿಯಮಗಳು

ತತ್ಕಾಲ್ ಪ್ರಾರಂಭವಾದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಪ್ರಯತ್ನಗಳ ಪೈಕಿ ಶೇ. 50 ರವರೆಗೂ ಸ್ವಯಂಚಾಲಿತ ತಂತ್ರಾಂಶಗಳದ್ದಾಗಿದ್ದವೆಂದು ರೈಲ್ವೆಯು 2025 ರಲ್ಲಿ ತಿಳಿಸಿತು. ಸಂಶಯಾಸ್ಪದವಾದ 2.5 ಕೋಟಿ ಐಡಿಗಳನ್ನು ನಿಷ್ಕ್ರಿಯಗೊಳಿಸಲಾಯಿತು. ನಂತರ ಜಾರಿಗೆ ಬಂದ ನಿಯಮಗಳು ಹೀಗಿವೆ:

• ದಿನಾಂಕ 1.7.2025 ರಿಂದ, ಆಧಾರ್ ದೃಢೀಕರಣ ಹೊಂದಿದ ಬಳಕೆದಾರರಿಗೆ ಮಾತ್ರ ಅಂತರ್ಜಾಲದಲ್ಲಿ ತತ್ಕಾಲ್ ಟಿಕೆಟ್.
• ದಿನಾಂಕ 15.7.2025 ರಿಂದ, ಅಂತರ್ಜಾಲದ ತತ್ಕಾಲ್ ಟಿಕೆಟ್‌ಗೆ ಆಧಾರ್ ಆಧಾರಿತ ಒಟಿಪಿ.
• ತತ್ಕಾಲ್‌ನ ಮೊದಲ 30 ನಿಮಿಷ (10.00 ರಿಂದ 10.30 ಹಾಗೂ 11.00 ರಿಂದ 11.30) ಅಧಿಕೃತ ಏಜೆಂಟರಿಗೂ ಅವಕಾಶವಿಲ್ಲ.
• ಸಾಮಾನ್ಯ ಕಾಯ್ದಿರಿಸುವಿಕೆಯ ಪ್ರಾರಂಭದ ಅವಧಿಯನ್ನು ಆಧಾರ್ ದೃಢೀಕೃತ ಬಳಕೆದಾರರಿಗೆ ಮೀಸಲಿಡುವ ನಿಯಮವು ದಿನಾಂಕ 1.10.2025 ರಿಂದ ಮೊದಲ 15 ನಿಮಿಷಗಳೊಂದಿಗೆ ಆರಂಭವಾಯಿತು.

ಅಂದರೆ, "ಹತ್ತು ಗಂಟೆಗೆ ಸರಿಯಾಗಿ ತತ್ಕಾಲ್ ಮಾಡಿಸಿಕೊಡುತ್ತೇನೆ" ಎಂದು ಯಾವುದೇ ಅಂಗಡಿಯವರು ಹಣ ಕೇಳಿದಲ್ಲಿ ಅದು ನಿಯಮಬಾಹಿರವೆಂದು ತಿಳಿಯತಕ್ಕದ್ದು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

1. ತಮ್ಮದೇ ಹೆಸರಿನಲ್ಲಿ ಐಆರ್‌ಸಿಟಿಸಿ ಐಡಿ ತೆರೆದು, ಪ್ರಯಾಣದ ಅಗತ್ಯ ಬೀಳುವ ಮೊದಲೇ ಆಧಾರ್ ದೃಢೀಕರಣ ಮಾಡಿಕೊಳ್ಳುವುದು.
2. ಆಧಾರ್‌ಗೆ ಜೋಡಣೆಯಾಗಿರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಪರಿಶೀಲಿಸುವುದು. ಹಳೆಯ ಸಂಖ್ಯೆಯಿದ್ದಲ್ಲಿ ಒಟಿಪಿ ತಲುಪುವುದಿಲ್ಲ. ಆಧಾರ್ ಸೇವಾ ಕೇಂದ್ರದಲ್ಲಿ ಬದಲಾಯಿಸಿಕೊಳ್ಳಬಹುದು.
3. ದಿನಾಂಕ ಗೊತ್ತಿರುವ ಪ್ರಯಾಣಗಳಿಗೆ ತತ್ಕಾಲ್ ನೆಚ್ಚಿಕೊಳ್ಳದೆ ಮುಂಚಿತವಾಗಿ ಕಾಯ್ದಿರಿಸುವುದು. ನವೆಂಬರ್ 1, 2024 ರಿಂದ ಈ ಮುಂಗಡ ಅವಧಿ 60 ದಿನಗಳು.
4. ಏಜೆಂಟರ ಮೂಲಕ ಪಡೆಯುವುದಾದಲ್ಲಿ, ಅವರು ಐಆರ್‌ಸಿಟಿಸಿಯಿಂದ ಅಧಿಕೃತರೇ ಎಂದು ವಿಚಾರಿಸಿ, ಟಿಕೆಟ್‌ನಲ್ಲಿ ಮುದ್ರಿತವಾದ ಮೊತ್ತವನ್ನೂ ಪಡೆದ ಹಣವನ್ನೂ ತಾಳೆ ನೋಡುವುದು.
5. ಐಡಿ, ಪಾಸ್‌ವರ್ಡ್, ಆಧಾರ್ ಒಟಿಪಿ ಅಥವಾ ಬ್ಯಾಂಕ್ ಒಟಿಪಿಯನ್ನು ಯಾರಿಗೂ ನೀಡದಿರುವುದು. ತಮ್ಮ ಐಡಿಯನ್ನು ಬಾಡಿಗೆಗೆ ಕೊಟ್ಟಲ್ಲಿ, ಅದರಿಂದ ನಡೆದ ಅಕ್ರಮದ ತನಿಖೆಗೆ ತಾವೂ ಒಳಪಡಬೇಕಾಗುತ್ತದೆ.

ದೂರು ಸಲ್ಲಿಸುವ ವಿಧಾನ

ಅಕ್ರಮ ಟಿಕೆಟ್ ಮಾರಾಟ ಕಂಡುಬಂದಲ್ಲಿ ರೈಲ್ವೆ ಸಹಾಯವಾಣಿ 139 ಕ್ಕೆ ಅಥವಾ ಸಮೀಪದ ಆರ್.ಪಿ.ಎಫ್. ಠಾಣೆಗೆ ತಿಳಿಸಬಹುದು. ಟಿಕೆಟ್ ಹೆಸರಿನಲ್ಲಿ ಖಾತೆಯಿಂದ ಹಣ ಹೋಗಿದ್ದಲ್ಲಿ ಸ್ವಲ್ಪವೂ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930 ಕ್ಕೆ ಕರೆ ಮಾಡುವುದು. ಹಣವು ಬೇರೆ ಖಾತೆಗಳಿಗೆ ಹಂಚಿಹೋಗುವ ಮುನ್ನ ದೂರು ದಾಖಲಾದಲ್ಲಿ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಾಸನದ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕ ದ್ರವ್ಯ ಅಪರಾಧ) ಪೊಲೀಸ್ ಠಾಣೆಯಲ್ಲಿ ಅಥವಾ ತಮ್ಮ ತಾಲ್ಲೂಕಿನ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು. ದೂರಿನೊಂದಿಗೆ ಟಿಕೆಟ್‌ನ ಪ್ರತಿ, ಪಿಎನ್‌ಆರ್ ಸಂಖ್ಯೆ, ಹಣ ಪಾವತಿಯ ವಿವರ ಮತ್ತು ಬಂದ ಸಂದೇಶಗಳನ್ನು ಲಗತ್ತಿಸತಕ್ಕದ್ದು. ಸಂದೇಶಗಳನ್ನು ಅಳಿಸಬಾರದು.

ಆಸ್ಪತ್ರೆಗೋ ಪರೀಕ್ಷೆಗೋ ಹೊರಟವರಿಗೆ ಪ್ರಯಾಣದ ದಿನ ಟಿಕೆಟ್ ರದ್ದಾದರೆ ಆಗುವ ನಷ್ಟವನ್ನು ಯಾವ ಮರುಪಾವತಿಯೂ ತುಂಬಲಾರದು. ಆದ್ದರಿಂದ ಸಾರ್ವಜನಿಕರು ಅಧಿಕೃತ ಮಾರ್ಗದಲ್ಲಿಯೇ ಟಿಕೆಟ್ ಪಡೆದು ಸಹಕರಿಸಬೇಕೆಂದು ಕೋರಲಾಗಿದೆ.