ಕೂದಲು ಬಂತು, ಮಗ್ಗಿ ಬರಲಿಲ್ಲ

ನಮ್ಮ ಚಿಕ್ಕಮ್ಮ 31 ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. 19ರ ಮಗ್ಗಿಯನ್ನು ಕೊನೆಯಿಂದ ಮೊದಲಿಗೆ ಹೇಳಬಲ್ಲವರು. ಅಂಗಡಿಯ ಶೆಟ್ಟರು ಚೀಟಿಯ ಮೇಲೆ ಕೂಡಿ ಮುಗಿಸುವಷ್ಟರಲ್ಲಿ ಇವರು ಚಿಲ್ಲರೆ ಎಣಿಸಿ ಇಟ್ಟಿರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಯಿತು. ಮೊದಲು ಆಪರೇಷನ್, ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋಥೆರಪಿ. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಊಟ ಸೇರದಾಯಿತು. ಹೀಗೆಲ್ಲ ಆಗುತ್ತದೆಂದು ಮೊದಲೇ ಹೇಳಿದ್ದರು, ಹಾಗೇ ಆಯಿತು. ಔಷಧ ನಿಂತ ನಾಲ್ಕೈದು ತಿಂಗಳಿಗೆ ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಮಗ್ಗಿ ಮಾತ್ರ ಬರಲಿಲ್ಲ. ಹಾಲಿನ ಲೆಕ್ಕ ಕೂಡುವಾಗ ನಡುವೆ ದಶಕ ಮರೆತುಹೋಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾತಕ್ಕೆ ಬಂದೆ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

ತಪಾಸಣೆಗೆ ಹೋದಾಗ ಡಾಕ್ಟರರ ಬಳಿ ಹೇಳಿಕೊಂಡರು. "ವಯಸ್ಸಾಯಿತಲ್ಲಮ್ಮಾ, ಜೊತೆಗೆ ಚಿಂತೆ ಬೇರೆ. ಔಷಧಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂಬ ಉತ್ತರ ಬಂತು. ಚಿಕ್ಕಮ್ಮ ಸುಮ್ಮನಾದರು. ಬಹಳ ದೇಶಗಳಲ್ಲಿ, ಬಹಳ ಕಾಲ, ಕ್ಯಾನ್ಸರಿನಿಂದ ಬದುಕಿ ಬಂದವರಿಗೆ ಸಿಕ್ಕಿದ್ದು ಇದೇ ಉತ್ತರ. ಇದನ್ನು ಬರೀ ಉದಾಸೀನವೆನ್ನಲಾಗದು. ಅದರ ಹಿಂದೆ ಸುಮಾರು 100 ವರ್ಷ ಹಳೆಯ ಒಂದು ನಂಬಿಕೆಯಿತ್ತು.

ಮೊದಲು ಔಷಧದ ಕಥೆ. ನಮ್ಮ ಮೈಯ ಕೋಶಗಳಲ್ಲಿ ಕೆಲವು ಸದಾ ಒಡೆದು ಎರಡಾಗುತ್ತಿರುತ್ತವೆ, ಕೆಲವು ಒಮ್ಮೆ ಬೆಳೆದ ಮೇಲೆ ಸುಮ್ಮನಿರುತ್ತವೆ. ಕ್ಯಾನ್ಸರ್ ಕೋಶಕ್ಕೆ ಒಡೆಯುವುದನ್ನು ನಿಲ್ಲಿಸಲು ಬರುವುದಿಲ್ಲ. ಹಾಗಾದರೆ ಒಡೆಯುವ ಹೊತ್ತಿನಲ್ಲೇ ಕೋಶವನ್ನು ಹೊಡೆಯುವ ವಿಷ ಸಿಕ್ಕರೆ? ಇಂಥ ಮೊದಲ ವಿಷ ಬಂದದ್ದು ಯುದ್ಧದಿಂದ. ಸಾಸಿವೆ ಅನಿಲದ ಸೋದರ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡ್ ಅನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1942ರಲ್ಲಿ ಗುಟ್ಟಾಗಿ ಒಬ್ಬ ರೋಗಿಯ ಮೇಲೆ ಪ್ರಯೋಗಿಸಿದರು. ಮರುವರ್ಷ ಇಟಲಿಯ ಬಾರಿ ಬಂದರಿನಲ್ಲಿ ಜರ್ಮನ್ ವಿಮಾನಗಳು ಮುಳುಗಿಸಿದ ಅಮೆರಿಕದ ಹಡಗೊಂದರಲ್ಲಿ ಸಾಸಿವೆ ಅನಿಲದ ಬಾಂಬುಗಳಿದ್ದವು. ಅದು ಸೋಕಿದವರ ರಕ್ತದಲ್ಲಿ ಬಿಳಿ ಕಣಗಳು ಇಳಿದುಹೋದದ್ದು ವೈದ್ಯರ ಕಣ್ಣಿಗೆ ಬಿತ್ತು.

ಎರಡನೆಯ ವಿಷಕ್ಕೆ ನಮ್ಮ ದೇಶದ ನಂಟಿದೆ. ಬೊಂಬಾಯಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರಿಗೆ ಬರುತ್ತಿದ್ದ ರಕ್ತಹೀನತೆಯನ್ನು ಅಭ್ಯಾಸ ಮಾಡುತ್ತಿದ್ದ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ, ಯೀಸ್ಟಿನ ಸಾರದಿಂದ ಅದು ವಾಸಿಯಾಗುತ್ತದೆಂದು 1931ರಲ್ಲಿ ತೋರಿಸಿದಳು. ಆ ಸಾರದಲ್ಲಿದ್ದ ಗುಣವಸ್ತುವೇ ಫೋಲಿಕ್ ಆಮ್ಲ. ಕೋಶ ಎರಡಾಗುವ ಮುಂಚೆ ತನ್ನ ಡಿಎನ್‌ಎಯನ್ನು ನಕಲು ಮಾಡಲು ಇದು ಬೇಕೇ ಬೇಕು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಇದನ್ನು ಕೊಟ್ಟು ನೋಡಿದಾಗ ರೋಗ ಇನ್ನೂ ಜೋರಾಯಿತು. ಹಾಗಿದ್ದರೆ ಇದರ ಕಳ್ಳನಕಲು ಕೊಟ್ಟರೆ ರೋಗ ತಗ್ಗಬೇಕಲ್ಲ! ಆ ಕಳ್ಳನಕಲನ್ನು ಮಾಡಿಕೊಟ್ಟದ್ದು ಲೆಡರ್ಲೆ ಕಂಪನಿಯ ಪ್ರಯೋಗಶಾಲೆಯಲ್ಲಿದ್ದ ಭೀಮವರಂ ಮೂಲದ ಯೆಲ್ಲಾಪ್ರಗಡ ಸುಬ್ಬರಾವ್ ಮತ್ತು ಅವರ ತಂಡ. 1948ರಲ್ಲಿ ಫಾರ್ಬರ್ ವರದಿ ಪ್ರಕಟಿಸಿದರು: 16 ಮಕ್ಕಳಲ್ಲಿ 10 ಮಂದಿ ಸ್ವಲ್ಪ ಕಾಲದ ಮಟ್ಟಿಗಾದರೂ ಚೇತರಿಸಿಕೊಂಡಿದ್ದರು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅದೇ ಮನೆತನದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಆ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ.

ಈ ವಿಷಗಳಿಗೆ ಒಳ್ಳೆಯವರು, ಕೆಟ್ಟವರು ಎಂಬ ಭೇದ ಗೊತ್ತಿಲ್ಲ. ಒಡೆಯುತ್ತಿರುವ ಕೋಶ ಯಾವುದೇ ಇರಲಿ, ಅದಕ್ಕೆ ಪೆಟ್ಟು. ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ತಯಾರಿಸುವ ಮೂಳೆಮಜ್ಜೆ ಇವೆಲ್ಲ ಏಟು ತಿನ್ನುವುದು ಹೀಗೆ. ಆದರೆ ಮಿದುಳು? ಅಲ್ಲಿ ಒಡೆಯುವ ಕೋಶವೇ ಇಲ್ಲವಲ್ಲ! ರಕ್ತಕ್ಕೂ ಮಿದುಳಿಗೂ ನಡುವೆ ಕಾವಲು ಗೋಡೆ ಬೇರೆ. ಆದ್ದರಿಂದ ಮಿದುಳು ಕ್ಷೇಮ. ಡಾಕ್ಟರರ ಉತ್ತರದ ತರ್ಕ ಇದು.

ಮಿದುಳಿನಲ್ಲಿ ಹೊಸ ಕೋಶ ಹುಟ್ಟುವುದಿಲ್ಲ ಎಂಬ ಮಾತಿಗೆ ಮುದ್ರೆ ಒತ್ತಿದವರು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್. ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಮ್ಮ ಕೈಯಿಂದಲೇ ಚಿತ್ರ ಬರೆದ, 1906ರ ನೊಬೆಲ್ ಪಡೆದ ಮಹಾನುಭಾವ. ಬೆಳೆದವರ ಮಿದುಳಿನಲ್ಲಿ ಸಾವುಂಟು, ಮರುಹುಟ್ಟಿಲ್ಲ ಎಂಬರ್ಥದ ಮಾತನ್ನು 1913-14ರ ತಮ್ಮ ಗ್ರಂಥದಲ್ಲಿ ಬರೆದರು. ಸಾಧ್ಯವಿದ್ದರೆ ಈ ಕಠೋರ ತೀರ್ಪನ್ನು ಮುಂದಿನ ವಿಜ್ಞಾನ ಬದಲಿಸಲಿ ಎಂದೂ ಅಲ್ಲೇ ಸೇರಿಸಿದರು. ಪಾಠ ಮಾಡಿದವರು ಮೊದಲ ಮಾತನ್ನು ಉಳಿಸಿಕೊಂಡರು, ಎರಡನೆಯದನ್ನು ಕೈಬಿಟ್ಟರು.

ಎದುರು ಮಾತನಾಡಿದವರ ಪಾಡು ಏನಾಯಿತೆಂದು ನೋಡಿ. 1962ರಲ್ಲಿ ಜೋಸೆಫ್ ಆಲ್ಟ್‌ಮನ್ ಎಂಬಾತ ಹೊಸ ಡಿಎನ್‌ಎಯಲ್ಲಿ ಮಾತ್ರ ಸೇರಿಕೊಳ್ಳುವ ವಿಕಿರಣಶೀಲ ಗುರುತೊಂದನ್ನು ದೊಡ್ಡ ಇಲಿಗಳಿಗೆ ಚುಚ್ಚಿ, ಅವುಗಳ ಮಿದುಳಿನಲ್ಲಿ ಅದೇ ಗುರುತು ಹೊತ್ತ ಕೋಶಗಳನ್ನು ಕಂಡರು. 1965ರಲ್ಲಿ ಗೋಪಾಲ್ ದಾಸ್ ಜೊತೆಗೂಡಿ, ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶ ಹುಟ್ಟುತ್ತದೆಂದು ಬರೆದರು. ಕಿವಿಗೊಟ್ಟವರು ಕಡಿಮೆ. 1980ರ ದಶಕದಲ್ಲಿ ನ್ಯೂಯಾರ್ಕಿನ ಫರ್ನಾಂಡೊ ನಾಟೆಬಾಮ್, ಹಾಡು ಕಲಿಯುವ ಕೆನರಿ ಹಕ್ಕಿಯ ಮಿದುಳಿನಲ್ಲಿ ಹೊಸ ನರಕೋಶಗಳನ್ನು ತೋರಿಸಿದರು. ಹಕ್ಕಿಯ ಮಾತು ಹಕ್ಕಿಗಾಯಿತು, ಮನುಷ್ಯನಿಗೇನು ಎಂದರು. 1992ರಲ್ಲಿ ಬೆಳೆದ ಇಲಿಯ ಮಿದುಳಿನಿಂದ ಸ್ಟೆಮ್ ಸೆಲ್‌ಗಳನ್ನೇ ತೆಗೆದು ಬಟ್ಟಲಲ್ಲಿ ಬೆಳೆಸಿದ್ದಾಯಿತು. ಸ್ಟೆಮ್ ಸೆಲ್ ಎಂದರೆ ಆಕರಕೋಶ: ಒಡೆದಾಗ ಒಂದು ಪಾಲು ತಾನಾಗಿಯೇ ಉಳಿದು, ಇನ್ನೊಂದು ಪಾಲು ಬೇರೆ ಕಸುಬಿಗೆ ಹೋಗಬಲ್ಲ ಕೋಶ. ಹೆಪ್ಪಿಗೆಂದು ದಿನವೂ ಒಂದಿಷ್ಟು ಮೊಸರು ಎತ್ತಿಡುತ್ತೇವಲ್ಲ, ಹಾಗೆ.

ಮನುಷ್ಯನ ಮಿದುಳಿನ ಸಾಕ್ಷಿ ಬಂದದ್ದು ಕ್ಯಾನ್ಸರ್ ರೋಗಿಗಳಿಂದಲೇ. ಗೆಡ್ಡೆ ಎಷ್ಟು ಬೇಗ ಬೆಳೆಯುತ್ತಿದೆಯೆಂದು ತಿಳಿಯಲು ಸ್ವೀಡನ್ನಿನಲ್ಲಿ ಕೆಲವರಿಗೆ ಬಿಆರ್‌ಡಿಯು ಎಂಬ ಗುರುತುವಸ್ತು ಕೊಟ್ಟಿದ್ದರು. ಅದೂ ಒಡೆಯುವ ಕೋಶಗಳಲ್ಲಿ ಮಾತ್ರ ನೆಲೆಸುವಂಥದು. ಹಾಗಾದರೆ ಅದು ಅವರ ಮಿದುಳಿನಲ್ಲೂ ಎಲ್ಲಾದರೂ ನೆಲೆಸಿರಬೇಕಲ್ಲ ಎಂದು ಪೀಟರ್ ಎರಿಕ್ಸನ್ ಮತ್ತು ಕ್ಯಾಲಿಫೋರ್ನಿಯದ ಫ್ರೆಡ್ ಗೇಜ್ ಯೋಚಿಸಿದರು. ಹಾಗೆ ಮದ್ದು ಪಡೆದಿದ್ದ ಐವರು ತೀರಿಕೊಂಡ ಮೇಲೆ ಅವರ ಹಿಪೊಕ್ಯಾಂಪಸ್ ನೋಡಿದಾಗ ಗುರುತು ಹೊತ್ತ ನರಕೋಶಗಳು ಅಲ್ಲಿದ್ದವು. ಐವರೂ 50 ದಾಟಿದವರು. ಇದು 1998ರ ಮಾತು.

ಜಗಳ ಅಲ್ಲಿಗೇ ಮುಗಿಯಲಿಲ್ಲ. 2013ರಲ್ಲಿ ಸ್ವೀಡನ್ನಿನದೇ ತಂಡವೊಂದು, ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲ-14 ಅನ್ನೇ ಗಡಿಯಾರವಾಗಿಸಿಕೊಂಡು ಲೆಕ್ಕ ಹಾಕಿತು. ಮಿದುಳಿನ ಎಡಬಲದ ಒಂದೊಂದು ಹಿಪೊಕ್ಯಾಂಪಸ್‌ನಲ್ಲೂ ದಿನಕ್ಕೆ ಸುಮಾರು 700 ಹೊಸ ನರಕೋಶ ಎಂದಿತು. 2018ರ ಮಾರ್ಚಿನಲ್ಲಿ ಆರ್ಟುರೊ ಆಲ್ವಾರೆಜ್-ಬುಯ್ಯಾ ಅವರ ತಂಡ, ಬಾಲ್ಯ ಕಳೆದ ಮೇಲೆ ಒಂದೂ ಕಾಣುವುದಿಲ್ಲ ಎಂದಿತು. ಈತ ಆ ಕೆನರಿ ಹಕ್ಕಿಯ ನಾಟೆಬಾಮ್ ಬಳಿಯೇ ಕಲಿತವರು ಎಂಬುದು ಸ್ವಾರಸ್ಯ. ಮರುತಿಂಗಳೇ ಇನ್ನೊಂದು ತಂಡ 79 ವರ್ಷದವರಲ್ಲೂ ಇವೆ ಎಂದಿತು. 2019ರಲ್ಲಿ ಸ್ಪೇನಿನವರು 87ರ ಹರೆಯದವರಲ್ಲೂ ಕಂಡೆವು, ಆಲ್ಜೈಮರ್ಸ್ ರೋಗಿಗಳಲ್ಲಿ ಕಡಿಮೆ ಎಂದರು. ಜಗಳಕ್ಕೆ ಒಂದು ಕಾರಣ ಬಹಳ ಲೌಕಿಕವಾದದ್ದು. ಸತ್ತ ಎಷ್ಟು ಹೊತ್ತಿಗೆ ಮಿದುಳನ್ನು ತೆಗೆದು ದ್ರಾವಣದಲ್ಲಿಟ್ಟರು, ಎಷ್ಟು ಹೊತ್ತು ಇಟ್ಟರು ಎಂಬುದರ ಮೇಲೆ ಕಾಣುವುದೂ ಕಾಣದಿರುವುದೂ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವಂಥ ಮಿದುಳು ಬ್ಯಾಂಕುಗಳ ಬೆಲೆ ತಿಳಿಯುವುದು ಇಂಥ ಕಡೆ. 2025ರಲ್ಲಿ ಸ್ವೀಡನ್ನಿನ ತಂಡ ದೊಡ್ಡವರ ಮಿದುಳಿನಲ್ಲೂ ಒಡೆಯುತ್ತಿರುವ ಪೂರ್ವಕೋಶಗಳನ್ನು ಗುರುತಿಸಿತು. ಕೆಲವರಲ್ಲಿ ಧಾರಾಳ, ಕೆಲವರಲ್ಲಿ ಹುಡುಕಿದರೂ ಸಿಗದಷ್ಟು ವಿರಳ.

ಚಿಕ್ಕಮ್ಮನ ಮಗ್ಗಿಗೆ ಈ ಜಗಳದ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ. ಮಿದುಳಿನಲ್ಲಿ ನರಕೋಶಗಳಷ್ಟೇ ಇಲ್ಲ. ನರಗಳ ಎಳೆಗಳ ಸುತ್ತ ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಇದ್ದ ಹಾಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅದು ಸವೆದರೆ ಸಂದೇಶ ನಿಧಾನವಾಗುತ್ತದೆ, ಒಮ್ಮೊಮ್ಮೆ ದಾರಿ ತಪ್ಪುತ್ತದೆ. ಆ ಹೊದಿಕೆ ನೇಯುವ ಕೋಶಗಳನ್ನು ಹುಟ್ಟಿಸುವ ಪೂರ್ವಕೋಶಗಳು ಜೀವನವಿಡೀ ಮಿದುಳಿನಲ್ಲಿ ಒಡೆಯುತ್ತಲೇ ಇರುತ್ತವೆ. ಇದರಲ್ಲಿ ಯಾರಿಗೂ ತಕರಾರಿಲ್ಲ. 2006ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಮಾರ್ಕ್ ನೋಬಲ್ ಮತ್ತು ಸಂಗಡಿಗರು ಕೀಮೋ ಔಷಧಗಳನ್ನು ಬಟ್ಟಲಲ್ಲಿ ಪರೀಕ್ಷಿಸಿದಾಗ, ಹಲವು ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಸಾಲದ ಪ್ರಮಾಣವೇ ಈ ಪೂರ್ವಕೋಶಗಳನ್ನು ಕೊಲ್ಲುತ್ತಿತ್ತು.

ಇನ್ನೂ ಮುಂದೆ ಹೋದವರು ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೋಂಜೆ. ಕೀಮೋ ಪಡೆದು ತೀರಿಕೊಂಡ ಎಳೆಯರ ಮಿದುಳಿನ ಮುಂಭಾಗದಲ್ಲಿ ಈ ಕೋಶಗಳು ಕಡಿಮೆಯಿರುವುದನ್ನು ಇವರ ತಂಡ ಕಂಡಿತು. ಇಲಿಮರಿಗಳಿಗೆ ಮೆಥೊಟ್ರೆಕ್ಸೇಟ್ ಕೊಟ್ಟು ನೋಡಿದಾಗ ಅಲ್ಲೂ ಹಾಗೆಯೇ. ಆಶ್ಚರ್ಯವೆಂದರೆ ಔಷಧ ನಿಲ್ಲಿಸಿ ತಿಂಗಳುಗಳಾದರೂ ಏಟು ನಿಲ್ಲಲಿಲ್ಲ. ಮಿದುಳಿನ ಕಾವಲುಗಾರರಾದ ಮೈಕ್ರೋಗ್ಲಿಯ ಕೋಶಗಳು ಒಮ್ಮೆ ಕೆರಳಿದ್ದು ಹಾಗೇ ಕೆರಳಿದ್ದವು. ಕಳ್ಳ ಹೋದ ಮೇಲೂ ರಾತ್ರಿಯಿಡೀ ಬೊಗಳಿ ಮನೆಯವರ ನಿದ್ದೆ ಕೆಡಿಸುವ ನಾಯಿಯಂತೆ. ಇನ್ನೊಂದು ಔಷಧದಿಂದ ಆ ಕಾವಲುಗಾರರನ್ನು ತೆಗೆದಾಗ ಪೂರ್ವಕೋಶಗಳು ಸುಧಾರಿಸಿದವು, ಇಲಿಗಳ ನೆನಪೂ ಸುಧಾರಿಸಿತು. ಈ ವರದಿ ಅಚ್ಚಾದದ್ದು 2019ರ ಜನವರಿಯಲ್ಲಿ. ಲಕ್ಷಾಂತರ ಜೀವ ಉಳಿಸಿದ ಸುಬ್ಬರಾವ್ ಬಳಗದ ಔಷಧದ ಲೆಕ್ಕದಲ್ಲಿ ಬರೆಯದೆ ಬಿಟ್ಟ ಬಾಕಿ 70 ವರ್ಷಗಳ ಮೇಲೆ ಕಾಣಿಸಿತು. ಜೀವ ಉಳಿಸಿದ್ದು ಸುಳ್ಳಲ್ಲ, ಬಾಕಿಯೂ ಸುಳ್ಳಲ್ಲ.

"ವಯಸ್ಸಾಯಿತಲ್ಲಮ್ಮಾ" ಎಂಬುದರಲ್ಲೂ ಅರ್ಧ ಸತ್ಯವಿದೆ, ಆದರೆ ಬೇರೆ ರೀತಿಯಲ್ಲಿ. ಸ್ತನ ಕ್ಯಾನ್ಸರಿಗೆ ಕೀಮೋ ಪಡೆದವರ ರಕ್ತಕೋಶಗಳಲ್ಲಿ ಮುಪ್ಪಿನ ಗುರುತೊಂದು ಸುಮಾರು 15 ವರ್ಷ ಕಳೆದಷ್ಟು ಏರಿರುವುದನ್ನು 2014ರಲ್ಲಿ ಅಮೆರಿಕದವರು ವರದಿ ಮಾಡಿದರು. ಆಯುಷ್ಯ 15 ವರ್ಷ ಇಳಿಯಿತೆಂದು ಇದರ ಅರ್ಥವಲ್ಲ. ಆದರೆ ಮುಪ್ಪು ಎಂದರೇನೆಂದು ಹುಡುಕುವವರೂ ಬಂದು ನಿಲ್ಲುವುದು ಇದೇ ಆಕರಕೋಶಗಳ ಬಾಗಿಲಿಗೆ. 2005ರಲ್ಲಿ ಮುದಿ ಇಲಿಯೊಂದಕ್ಕೆ ಎಳೆಯ ಇಲಿಯೊಂದನ್ನು ಹೊಲಿದು ಇಬ್ಬರಿಗೂ ಒಂದೇ ರಕ್ತ ಹರಿಯುವಂತೆ ಮಾಡಿದರು. ಮುದಿಯ ಸ್ನಾಯುವಿನಲ್ಲಿ ಮಲಗಿದ್ದ ಆಕರಕೋಶಗಳು ಎದ್ದವು. 2011ರಲ್ಲಿ ತಿರುಗಾಮುರುಗ ನೋಡಿದರು: ಮುದಿರಕ್ತ ಹರಿದ ಎಳೆಯ ಇಲಿಯ ಮಿದುಳಿನಲ್ಲಿ ಹೊಸ ನರಕೋಶಗಳು ತಗ್ಗಿದವು. ಯಯಾತಿಯೂ ಪುರುವೂ ನೆನಪಾಗದೆ ಇರುತ್ತಾರೆಯೇ! ಅಮೆರಿಕದಲ್ಲಿ ತರುಣರ ಪ್ಲಾಸ್ಮಾವನ್ನು ಮುದುಕರಿಗೆ ಮಾರುವ ಅಂಗಡಿಯೂ ತೆರೆಯಿತು. ಇದಕ್ಕೆ ಯಾವ ಆಧಾರವೂ ಇಲ್ಲವೆಂದು ಅಲ್ಲಿನ ಔಷಧ ಇಲಾಖೆ 2019ರ ಫೆಬ್ರುವರಿಯಲ್ಲಿ ಎಚ್ಚರಿಸಬೇಕಾಯಿತು.

ಸ್ನಾಯುವಿನ ಅದೇ ಆಕರಕೋಶ ಇನ್ನೊಂದು ಕಡೆ ಊಟದ ತಟ್ಟೆಗೇ ಬಂದಿದೆ. 2013ರ ಆಗಸ್ಟ್ 5ರಂದು ಲಂಡನ್ನಿನಲ್ಲಿ ಡಚ್ ವಿಜ್ಞಾನಿ ಮಾರ್ಕ್ ಪೋಸ್ಟ್, ದನದ ಸ್ನಾಯುವಿನಿಂದ ತೆಗೆದ ಕೋಶಗಳನ್ನು ಬಟ್ಟಲಲ್ಲಿ ಬೆಳೆಸಿ ಮಾಡಿದ ಮಾಂಸದ ಬಿಲ್ಲೆಯನ್ನು ಹುರಿಸಿ ತಿನ್ನಿಸಿದರು. ಖರ್ಚು ಎರಡೂವರೆ ಲಕ್ಷ ಯೂರೋ. ಈ ಕಸುಬಿನ ಇನ್ನೊಬ್ಬ ಹೆಸರಾಂತ, ಆಂಧ್ರ ಮೂಲದ ಉಮಾ ವಲೇಟಿ, ಮೊದಲು ಹೃದ್ರೋಗ ತಜ್ಞರು. ಹೃದಯಕ್ಕೆ ಆಕರಕೋಶ ಚುಚ್ಚುತ್ತಿದ್ದಾಗಲೇ ಅವರಿಗೆ ಈ ಯೋಚನೆ ಹೊಳೆಯಿತಂತೆ. ಸಿಂಗಪುರ 2020ರಲ್ಲಿ, ಅಮೆರಿಕ 2023ರಲ್ಲಿ ಇಂಥ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿದವು. ಇಟಲಿ 2023ರಲ್ಲಿ ಬೇಡವೆಂದಿತು. ಒಂದು ವಿಚಿತ್ರ ಕೇಳಿ: ಆ ಮೊದಲ ಬಿಲ್ಲೆಯ ಕೋಶಗಳು ಬೆಳೆದದ್ದು ಹುಟ್ಟದ ಕರುವಿನ ರಕ್ತದ ಸೀರಮ್ ಕುಡಿದು. ಇಲ್ಲೂ ಎಳೆಯ ರಕ್ತವೇ! ಈಚೆಗೆ ಅದಿಲ್ಲದೆ ಬೆಳೆಸುವ ವಿಧಾನಗಳು ಬಂದಿವೆ.

ಬಟ್ಟಲಲ್ಲಿ ಮಾಂಸ ಬೆಳೆಯುವಾಗ ಮಿದುಳಿಗೊಂದಿಷ್ಟು ಹೊಸ ಕೋಶ ಹಾಕಲಾಗದೆ ಎಂದು ಚಿಕ್ಕಪ್ಪ ಒಮ್ಮೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮಾಂಸಕ್ಕೆ ತೂಕ ಬಂದರೆ ಸಾಕು. ಮಿದುಳಿನ ಕೋಶ ಇದ್ದರಷ್ಟೇ ಸಾಲದು, ಸಾವಿರಾರು ಕೋಶಗಳೊಡನೆ ಸರಿಯಾದ ಸಂಬಂಧ ಬೆಳೆಸಬೇಕು. 19ರ ಮಗ್ಗಿ ಒಂದು ಕೋಶದೊಳಗಿಲ್ಲ, ಆ ಸಂಬಂಧಗಳಲ್ಲಿದೆ. ಆದರೂ ಮರೆವು, ಪಾರ್ಶ್ವವಾಯು, ಮಂಡಿನೋವು ಎಲ್ಲಕ್ಕೂ ಸ್ಟೆಮ್ ಸೆಲ್ ಚುಚ್ಚುಮದ್ದು ಎಂಬ ಜಾಹೀರಾತುಗಳನ್ನು ಓದುಗರು ನೋಡಿಯೇ ಇರುತ್ತೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಕೆಲವು ರಕ್ತರೋಗಗಳಿಗೆ ಮಾಡುವ ಮೂಳೆಮಜ್ಜೆಯಂಥ ಕಸಿ ಬಿಟ್ಟರೆ ಬೇರಾವುದನ್ನೂ ಸಾಮಾನ್ಯ ಚಿಕಿತ್ಸೆಯೆಂದು ಒಪ್ಪಿಲ್ಲ. ಉಳಿದದ್ದೆಲ್ಲ ಪ್ರಯೋಗ, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಚಿಕ್ಕಪ್ಪ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದರು. ಈ ಮಾತು ಕೇಳಿ ಹರಿದುಹಾಕಿದರು.

ಮಿಶೆಲ್ ಮೋಂಜೆಯ ಇಲಿಗಳಿಗೆ ಕೊಟ್ಟ ಔಷಧ ಮನುಷ್ಯರ ಈ ತೊಂದರೆಗೆ ಮದ್ದಾಗಿ ಬಂದಿಲ್ಲ. ಬಹಳ ಮಂದಿಗೆ ತಿಂಗಳುಗಳಲ್ಲಿ, ಒಂದೆರಡು ವರ್ಷದಲ್ಲಿ ಮಂಜು ತಾನೇ ತಿಳಿಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ನಡಿಗೆ, ನಿದ್ದೆ, ಬರೆದಿಟ್ಟುಕೊಳ್ಳುವ ಅಭ್ಯಾಸ ಇವು ಸದ್ಯಕ್ಕೆ ವೈದ್ಯರು ಹೇಳುವ ಉಪಾಯಗಳು. ಇದನ್ನೆಲ್ಲ ಚಿಕ್ಕಮ್ಮನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಹಾಗಾದರೆ ನಾನು ಸುಳ್ಳು ಹೇಳುತ್ತಿರಲಿಲ್ಲ ಅಲ್ಲವೇನೋ?"

ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆಯಲು ಹೋಗುತ್ತಾರೆ. ಹಾಲಿನ ಲೆಕ್ಕಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದಾರೆ. 17ರ ಮಗ್ಗಿ ಪೂರ್ತಿ ಬಂದಿದೆ. 19ರದು ಇನ್ನೂ 114ರ ಹತ್ತಿರ ನಿಲ್ಲುತ್ತದಂತೆ.