ಚಾರಿತ್ರಿಕ ಪ್ರಣಯಕಾದಂಬರಿಗಳನ್ನು ಓದುವ ಬಗೆ

ಬೇಸಗೆಯ ಕೊನೆಯ ದಿನ. ಸಂಜೆಯ ಹೊತ್ತಿಗೆ ಬಿರುಗಾಳಿಯೆದ್ದು ಮಳೆ ಸುರಿಯತೊಡಗುವುದು. ಒಂಟಿ ಸವಾರನೊಬ್ಬನು ದಾರಿಗಾಣದೆ ದೇವಾಲಯವೊಂದನ್ನು ಹೊಗುವನು. ಒಳಗೆ ಇಬ್ಬರು ಸ್ತ್ರೀಯರು ಆಶ್ರಯ ಪಡೆದಿರುವರು. ಸವಾರನು ತನ್ನ ಹೆಸರನ್ನು ಹೇಳುವನು. ತರುಣಿಯು ಯಾರೆಂಬುದು ಮಾತ್ರ ಅವನಿಗೆ ತಿಳಿಯದು. ಇಷ್ಟನ್ನೋದಿದೊಡನೆಯೇ ಅನುಭವಸ್ಥರಾದ ವಾಚಕರು ಮುಂದಿನದನ್ನು ಊಹಿಸಿ ಮುಗುಳ್ನಗುವರು. ಆದರೂ ಪುಸ್ತಕವನ್ನು ಕೆಳಗಿಡಲಾರರು. ಬಂಕಿಮಚಂದ್ರರು 1865ರಲ್ಲಿ ಪ್ರಕಟಿಸಿದ ‘ದುರ್ಗೇಶನಂದಿನಿ’ಯು ಆರಂಭವಾಗುವುದು ಹೀಗೆ.

ಈ ಬಗೆಯ ಕಥೆಗಳಿಗೆ ದಾರಿ ತೋರಿದವರು ಸ್ಕಾಟ್ಲೆಂಡಿನ ಸರ್ ವಾಲ್ಟರ್ ಸ್ಕಾಟರು. ಅವರು 1814ರಲ್ಲಿ ‘ವೇವರ್ಲಿ’ಯನ್ನು ತಮ್ಮ ಹೆಸರಿಲ್ಲದೆಯೇ ಅಚ್ಚುಹಾಕಿಸಿದರು, ಕರ್ತೃವು ತಾವೇ ಎಂದು ಬಹಿರಂಗವಾಗಿ ಒಪ್ಪಿಕೊಂಡುದು 1827ರಲ್ಲಿ. ಅವರ ‘ಐವನ್‌ಹೋ’ದಲ್ಲಿ ಮಗನು ಯಾತ್ರಿಕನ ವೇಷದಿಂದ ತಂದೆಯ ಮನೆಗೇ ಬರುವನು, ಕಪ್ಪು ಕವಚದ ಅಜ್ಞಾತ ವೀರನು ಕೊನೆಗೆ ಸ್ವತಃ ದೊರೆಯೇ ಆಗಿರುವನು, ಗಾಯಗೊಂಡ ನಾಯಕನನ್ನು ಅನ್ಯಮತದ ಕನ್ಯೆಯು ಉಪಚರಿಸುವಳು. ‘ದುರ್ಗೇಶನಂದಿನಿ’ಯಲ್ಲಿಯೂ ಶತ್ರುವಿನ ಮಗಳಾದ ಆಯೇಷಾ ರಾಜಕುಮಾರನ ಶುಶ್ರೂಷೆ ಮಾಡುವಳು, ಅಭಿರಾಮಸ್ವಾಮಿಯೆಂಬ ಸಂನ್ಯಾಸಿಯು ನಾಯಿಕೆಯ ತಾತನೇ ಎಂಬುದು ತಡವಾಗಿ ಹೊರಬೀಳುವುದು.

ಬಂಗಾಳಿಯನ್ನು ಕಲಿತ ಬಿ. ವೆಂಕಟಾಚಾರ್ಯರು (1845–1914) ಇಂತಹ ಕಥೆಗಳನ್ನು ಕನ್ನಡಕ್ಕೆ ತಂದರು. ಉತ್ತರದಲ್ಲಿ ಗಳಗನಾಥರು (1869–1942) ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರದ ಸ್ಥಾಪನೆಯನ್ನೇ ಕಥೆಯಾಗಿಸಿದರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪುರಾಣವನ್ನಲ್ಲದೆ ಬೇರೆಯದನ್ನು ಕಾಣದಿದ್ದ ಎಷ್ಟೋ ಮನೆಗಳಿಗೆ ಕಾದಂಬರಿಯು ಪ್ರವೇಶಿಸಿದುದು ಹೀಗೆಯೇ.

ಬಿರುಗಾಳಿ, ವೇಷಾಂತರ, ಮುದ್ರೆಯುಂಗುರ, ಸುರಂಗಮಾರ್ಗ, ಸಂನ್ಯಾಸಿ—ಇವೆಲ್ಲ ಸವೆದ ನಾಣ್ಯಗಳೆಂದು ಹಾಸ್ಯ ಮಾಡುವವರುಂಟು. ಆದರೆ ಇವು ನಿಷ್ಕಾರಣವಾಗಿ ಹುಟ್ಟಿದವಲ್ಲ. ಅಂತಃಪುರದ ಕನ್ಯೆಯು ಪರಪುರುಷನೊಡನೆ ಮಾತನಾಡಲಾಗದ ಕಾಲದ ಕಥೆಯಲ್ಲಿ ಅವರಿಬ್ಬರನ್ನು ಮರ್ಯಾದೆಗೆಡದಂತೆ ಒಂದೆಡೆ ಸೇರಿಸಲು ಮಳೆಯೂ ಗುಡಿಯೂ ಬೇಕಾಗುವುವು. ಶತ್ರುವಿನ ಮಗಳು ಶತ್ರುವನ್ನು ಕರುಣೆಯಿಂದ ಕಾಣಬೇಕಾದರೆ ಅವನು ಗಾಯಗೊಂಡಿರಬೇಕು. ಅರಮನೆಗೂ ಸೆರೆಮನೆಗೂ ತಡೆಯಿಲ್ಲದೆ ಹೋಗಬಲ್ಲವನು ಸಂನ್ಯಾಸಿಯೊಬ್ಬನೇ. ಆದಕಾರಣ ಹೊಸ ಲೇಖಕರು ಇವನ್ನು ಬಳಸಿದರೆ ದೋಷವಿಲ್ಲ. ಅವಶ್ಯಕತೆಯಿಲ್ಲದೆ ಬಳಸುವುದೇ ದೋಷ.

ಇದಕ್ಕಿಂತ ದೊಡ್ಡ ಪ್ರಶ್ನೆಯೊಂದುಂಟು. ‘ದುರ್ಗೇಶನಂದಿನಿ’ಯಲ್ಲಿ ಪತಿಯನ್ನು ಕಳೆದುಕೊಂಡ ವಿಮಲೆಯು ಪಠಾಣರ ಕತಲೂಖಾನನನ್ನು ಕಠಾರಿಯಿಂದ ಇರಿದು ಕೊಲ್ಲುವಳು. ಇತಿಹಾಸದ ಕತಲೂಖಾನನಾದರೋ 1590ರಲ್ಲಿ ಕಾಯಿಲೆಯಿಂದ ಮಡಿದನು. ಬಂಕಿಮರು ಇದನ್ನು ಮರೆಮಾಚಲಿಲ್ಲ. ‘ರಾಜಸಿಂಹ’ದ ಮುನ್ನುಡಿಯಲ್ಲಿ, ಚಾರಿತ್ರಿಕ ಕಾದಂಬರಿಯೆಂದು ತಾವು ಬರೆದುದು ಅದೊಂದನ್ನೇ, ‘ದುರ್ಗೇಶನಂದಿನಿ’ ಅಂತಹುದಲ್ಲ ಎಂದು ಸ್ಪಷ್ಟವಾಗಿ ತಿಳಿಸಿರುವರು. ಆದರೆ ಮುನ್ನುಡಿಯನ್ನು ಓದುವವರೆಷ್ಟು ಮಂದಿ?

ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ತಮ್ಮನ ಮಗಳು ಶಿವಗಂಗೆಯ ಬೆಟ್ಟವನ್ನು ನೋಡಿ ಬಂದವಳು, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು ಹಾರಿದಳೆಂದು ಜನರು ತೋರಿಸುವ ಸ್ಥಳವನ್ನು ಕಣ್ಣೀರಿಡುತ್ತಲೇ ವರ್ಣಿಸಿದಳು. “ದೊಡ್ಡಪ್ಪಾ, ಮಕ್ಕಳಿಲ್ಲವೆಂದು ಪ್ರಾಣ ಕಳೆದುಕೊಂಡಳಂತೆ. ಎಂತಹ ತ್ಯಾಗ!” ಎಂದಳು. ಅಲ್ಲಿಯೇ ಅವರೆಕಾಳು ಬಿಡಿಸುತ್ತ ಕುಳಿತಿದ್ದ ನಮ್ಮ ಅಕ್ಕನಿಗೆ ಮಕ್ಕಳಿಲ್ಲ. ಆಕೆ ತಲೆಯೆತ್ತಲಿಲ್ಲ, ಕೈ ಮಾತ್ರ ನಿಂತಿತು.

ನಾವು ಆಗಲೇ ಶ್ರವಣಬೆಳ್ಗೊಳದ ಶಾಸನಗಳ ಸಂಪುಟವನ್ನು ತೆಗೆದು ಹುಡುಗಿಯ ಮುಂದಿಟ್ಟೆವು. ರಾಣಿಯು 1131ರಲ್ಲಿ ಶಿವಗಂಗೆಯಲ್ಲಿ ದೇಹವಿಟ್ಟಳೆಂದೂ ಆ ಬಳಿಕ ತಾಯಿ ಮಾಚಿಕಬ್ಬೆಯು ಬೆಳ್ಗೊಳದಲ್ಲಿ ಉಪವಾಸವ್ರತದಿಂದ ಮುಡಿಪಿದಳೆಂದೂ ಶಾಸನವು ಹೇಳುವುದು. ಬೆಟ್ಟದಿಂದ ಹಾರಿದ ಮಾತು ಅದರಲ್ಲಿಲ್ಲ. ಬೆಳ್ಗೊಳದಲ್ಲಿ ಬಸದಿಯೊಂದನ್ನು ಕಟ್ಟಿಸಿದ ಹಿರಿಮೆಯೂ ಶಾಂತಲೆಯದು. ಹುಡುಗಿಯು ಬಹಳ ಹೊತ್ತು ಓದಿ, “ಹಾಗಾದರೆ ಆ ಕಥೆಯನ್ನು ಯಾರು ಕಟ್ಟಿದರು, ಅತ್ತೆ?” ಎಂದು ಕೇಳಿದಳು. “ಯಾರೋ ಕಟ್ಟಿರಬೇಕು; ಬದುಕಿದವಳಲ್ಲವಮ್ಮ” ಎಂದು ಅಕ್ಕ ಮತ್ತೆ ಕಾಳು ಬಿಡಿಸತೊಡಗಿದಳು.

ಹಾಗೆಂದು ಕಾದಂಬರಿಯನ್ನು ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ವನ್ನೂ, 1978ರಲ್ಲಿ ಹೊರಬಂದ ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನೂ ಒಂದರ ಬಳಿಕ ಒಂದನ್ನು ಓದಿದವರಿಗೆ, ಒಬ್ಬಳೇ ರಾಣಿಯು ಇಬ್ಬರ ಕೈಯಲ್ಲಿ ಇಬ್ಬರಾಗುವುದು ತಾನೇ ಕಂಡುಬರುವುದು. ಪ್ರೀತಿ, ವಿರಹ, ಸಂಭಾಷಣೆಗಳನ್ನು ಕಲ್ಪಿಸಲು ಲೇಖಕರಿಗೆ ಪೂರ್ಣ ಅಧಿಕಾರವುಂಟು. ಆದರೆ ಬಾಳಿದವರ ಸಾವಿಗೆ ಕಾರಣವನ್ನು ಕಲ್ಪಿಸುವಾಗ, ಆ ಕಾರಣವು ಇಂದು ಯಾರ ಮನೆಯೊಳಗೆ ಹೋಗಿ ತಗಲುವುದೆಂಬುದನ್ನು ಅವರು ಯೋಚಿಸಬೇಡವೇ?

ಮನೆಯಲ್ಲಿ ಕಾದಂಬರಿಯನ್ನು ಗಟ್ಟಿಯಾಗಿ ಓದುವ ಪದ್ಧತಿಯುಳ್ಳವರು, ಅಧ್ಯಾಯ ಮುಗಿದೊಡನೆ ಮಕ್ಕಳನ್ನು ಒಂದು ಮಾತು ಕೇಳಲಿ: “ಇದರಲ್ಲಿ ಕಲ್ಲಿನ ಮೇಲಿರುವುದೆಷ್ಟು, ಕವಿಯ ಮನಸ್ಸಿನಲ್ಲಿದ್ದುದೆಷ್ಟು?” ಉತ್ತರವು ತಪ್ಪಾದರೂ ಚಿಂತೆಯಿಲ್ಲ, ಹುಡುಕುವ ಅಭ್ಯಾಸವು ಉಳಿಯುವುದು. ಕಥೆಯ ಸೊಗಸೇನೂ ಕಡಿಮೆಯಾಗದು.