ಬೆಕ್ಕಿನ ಪಾಂಡುರೋಗವೂ ಕಬ್ಬಿಣದ ಮದ್ದೂ

ರಕ್ತವು ಕ್ಷೀಣಿಸಿ ಶರೀರವು ಬಿಳಿಚುವ ವ್ಯಾಧಿಗೆ ಆಯುರ್ವೇದದಲ್ಲಿ ಪಾಂಡುರೋಗವೆಂದು ಹೆಸರು. ಅದಕ್ಕೆ ಲೋಹಭಸ್ಮವನ್ನು ಕೊಡುವ ಪದ್ಧತಿಯು ಬಹು ಪ್ರಾಚೀನವಾದುದು. ಆ ಸಂಸ್ಕಾರದ ಬಲದಿಂದಲೋ ಏನೋ, ಮನೆಯ ಬೆಕ್ಕು ಸೊರಗಿ ಅದರ ಒಸಡು ಸುಣ್ಣದಂತೆ ಬೆಳ್ಳಗಾದುದನ್ನು ಕಂಡೊಡನೆ, ಮನುಷ್ಯರ ಕಬ್ಬಿಣದ ಗುಳಿಗೆಯನ್ನೇ ಅರೆದು ಹಾಲಿನಲ್ಲಿ ಕುಡಿಸೋಣವೆಂದು ಕೆಲವರಿಗೆ ತೋರುವುದುಂಟು. ಉದ್ದೇಶವು ದಯಾಮೂಲವಾದುದೇ ಸರಿ. ಕಾರ್ಯವು ಮಾತ್ರ ಪ್ರಾಣಾಪಾಯಕರವಾದುದು.

ಲೆಕ್ಕವನ್ನು ನೋಡಿರಿ. ಗರ್ಭಿಣಿಯರಿಗೆ ಸರ್ಕಾರದ ವತಿಯಿಂದ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಬೆಕ್ಕಿನ ತೂಕವೋ ಸುಮಾರು 4 ಕಿಲೋಗ್ರಾಂ. ಕಿಲೋಗ್ರಾಂ ಒಂದಕ್ಕೆ 20 ಮಿಲಿಗ್ರಾಂ ಮೀರಿದರೆ ಕಬ್ಬಿಣವು ವಿಷಲಕ್ಷಣಗಳನ್ನು ತೋರಬಲ್ಲುದು. 60 ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಎರಡು ಗುಳಿಗೆಗಳಿಂದಲೇ ದೊಡ್ಡ ಬೆಕ್ಕು ಮೊದಲಿನ ಮೇರೆಯನ್ನು ದಾಟುವುದು. ಅರ್ಧ ಕಿಲೋಗ್ರಾಂ ತೂಕದ ಮರಿಗಾದರೆ ಅರ್ಧ ಗುಳಿಗೆಯೇ ಎರಡನೆಯ ಮೇರೆಗೆ ಒಯ್ಯುವುದು. ಹೆಚ್ಚಾದ ಕಬ್ಬಿಣವನ್ನು ಹೊರದೂಡುವ ಮಾರ್ಗವು ದೇಹದಲ್ಲಿ ಇಲ್ಲ. ಮೊದಲು ವಾಂತಿ, ರಕ್ತಭೇದಿ. ಕೆಲವು ಗಂಟೆಗಳ ಬಳಿಕ ಪ್ರಾಣಿಯು ಚೇತರಿಸಿಕೊಂಡಂತೆ ತೋರಿ, ಅನಂತರ ಯಕೃತ್ತು ಕೆಟ್ಟು ಕುಸಿಯಬಹುದು. ಆದುದರಿಂದ ವಾಂತಿ ನಿಂತಿತೆಂದು ಸಮಾಧಾನಪಟ್ಟು ಕುಳಿತಿರಬಾರದು.

ಅದಿರಲಿ, ಬಿಳಿಚಿದ ಬೆಕ್ಕಿಗೆಲ್ಲ ಕಬ್ಬಿಣದ ಕೊರತೆಯೇ ಇರುವುದೂ ಇಲ್ಲ. ಮಾಂಸಾಹಾರಿಯಾದ ಈ ಪ್ರಾಣಿಗೆ ತಕ್ಕ ಆಹಾರ ದೊರೆತರೆ ಕಬ್ಬಿಣವೂ ದೊರೆಯುತ್ತದೆ. ಹಾಲಿನಲ್ಲಿ ಅದು ಅತ್ಯಲ್ಪ; ಹಾಲು ಅನ್ನಗಳಿಂದಲೇ ಬೆಕ್ಕನ್ನು ಸಾಕುವ ನಮ್ಮ ಮನೆಗಳವರು ಇದನ್ನು ಗಮನಿಸತಕ್ಕದ್ದು. ಆದರೂ ಬೆಳೆದ ಬೆಕ್ಕಿನಲ್ಲಿ ಕೊರತೆಯುಂಟಾಗುವುದು ಬಹುಮಟ್ಟಿಗೆ ರಕ್ತನಷ್ಟದಿಂದ: ಕರುಳಿನ ವ್ರಣ, ಕೊಕ್ಕೆಹುಳು, ಎಲ್ಲಕ್ಕೂ ಸುಲಭವಾಗಿ ಕಣ್ತಪ್ಪುವ ಚಿಗಟ. ಮರಿಗಳನ್ನಂತೂ ಚಿಗಟಗಳು ರಕ್ತಹೀರಿಯೇ ಕೊಲ್ಲಬಲ್ಲುವು. ಸಂಸ್ಕೃತದ 'ಮಾರ್ಜಾರ' ಶಬ್ದವು ಶುದ್ಧಿಯನ್ನು ಸೂಚಿಸುವ ಮೃಜ್ ಧಾತುವಿನಿಂದ ಬಂದುದು. ಸದಾ ಮೈ ನೆಕ್ಕಿಕೊಳ್ಳುವ ಈ ಶುಚಿಶೀಲವೇ ಇಲ್ಲಿ ವಂಚನೆಗೆ ಕಾರಣ. ಚಿಗಟಗಳನ್ನು ತಾನೇ ನೆಕ್ಕಿ ನುಂಗಿಬಿಡುವುದರಿಂದ ಯಜಮಾನನ ಕಣ್ಣಿಗೆ ಒಂದೂ ಬೀಳದು. ಬೆಕ್ಕಿನ ರೋಮವನ್ನು ಬಾಚಿ, ಉದುರುವ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಉಜ್ಜಿರಿ. ಕೆಂಪು ಹರಡಿದರೆ ಅದು ಧೂಳಲ್ಲ, ಚಿಗಟದ ಮಲ. ಆ ಕೆಂಪು ಬೆಕ್ಕಿನದೇ ರಕ್ತ. ಆದರೆ ನಾಯಿಗೆ ತಂದ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಕೂಡದು. ಅದು ಇದಕ್ಕೆ ವಿಷ.

ಉಳಿದ ಕಾರಣಗಳಲ್ಲಿ ಕಬ್ಬಿಣದ ಪಾತ್ರವು ಬೇರೆ. ದೀರ್ಘಕಾಲದ ಸೋಂಕಿನಲ್ಲಿ ದೇಹವು ತನ್ನ ಕಬ್ಬಿಣವನ್ನು ತಾನೇ ಬೀಗವಿಕ್ಕಿ ಇಡುವುದು. ಮತ್ತಷ್ಟು ತುಂಬಿದರೆ ಫಲವಿಲ್ಲ. ಈರುಳ್ಳಿ ತಿಂದುದರಿಂದಲೂ ರಕ್ತಕಣಗಳು ಒಡೆಯುವುವು. ಮುದಿ ಬೆಕ್ಕಿನ ಮೂತ್ರಪಿಂಡಗಳು ಕೆಟ್ಟಾಗ, ರಕ್ತಕಣಗಳನ್ನು ಹುಟ್ಟಿಸುವಂತೆ ಮಜ್ಜೆಯನ್ನು ಪ್ರೇರಿಸುವ ಎರಿತ್ರೋಪೊಯೆಟಿನ್ ಎಂಬ ರಸವು ಕಡಿಮೆಯಾಗುತ್ತದೆ. ಅದಕ್ಕೆ ಬದಲಾದ ಔಷಧವನ್ನು ಚುಚ್ಚಿದಾಗ ಮಜ್ಜೆಯು ಹೊಸ ಕಣಗಳಿಗಾಗಿ ಕಬ್ಬಿಣವನ್ನು ಬೇಗನೆ ವ್ಯಯಿಸುವುದರಿಂದ, ಪಶುವೈದ್ಯರು ಜೊತೆಯಲ್ಲಿ ಕಬ್ಬಿಣದ ಡೆಕ್ಸ್‌ಟ್ರಾನನ್ನು, ಸಾಮಾನ್ಯವಾಗಿ 50 ಮಿಲಿಗ್ರಾಂ ಪ್ರಮಾಣದಲ್ಲಿ, ಮಾಂಸಖಂಡಕ್ಕೆ ಚುಚ್ಚುವರು. ಅಪರೂಪವಾಗಿ ಇದರಿಂದ ತೀವ್ರ ಪ್ರತಿಕ್ರಿಯೆಯುಂಟಾಗುವುದರಿಂದ, ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಬೆಕ್ಕನ್ನು ಚಿಕಿತ್ಸಾಲಯದಲ್ಲಿಯೇ ಇರಿಸಿಕೊಂಡು ಬರುವುದು ಲೇಸು.